ಚೆಕ್ಕಿಂಗ್ ಇದ್ದ ಭಾನುವಾರ

ಕುಕ್ ಟೌನಿನ ಆ ಹಳೇ ಬಂಗಲೆಯ ಕೆಲಸ ಒಪ್ಪಿಕೊಂಡಾಗ ನನ್ನ ಹತ್ತಿರ ಪೇಂಟರ್‌ಗಳೇ ಇರಲಿಲ್ಲ. ಇದ್ದವರಲ್ಲಿ ಇಬ್ಬರು ಇನ್ನೊಬ್ಬ ಕಂಟ್ರಾಕ್ಟರ್ ಕಡೆ ಹಾರಿದ್ದರು, ಒಬ್ಬನಿಗೆ ಕಾಮಾಲೆ, ಮತ್ತೊಬ್ಬ ಫೋನೇ ಎತ್ತುತ್ತಿರಲಿಲ್ಲ. ನಾನು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಗಂಡಸರೇ ತುಂಬಿರುವ ಈ ಧಂದೆಯಲ್ಲಿ ‘ಮೇಡಂ ಕೈಲಿ ಆಗಲ್ಲ’ ಅನ್ನಿಸಿಕೊಳ್ಳುವುದೆಂದರೆ ನನಗೆ ಮೈಯೆಲ್ಲ ಉರಿ. ಬಂಗಲೆಯ ಯಜಮಾನರಿಗೆ ಧೈರ್ಯವಾಗಿ ಹೂಂ ಅಂದುಬಿಟ್ಟು, ಬೆಳಿಗ್ಗೆ ಎದ್ದವಳೇ ಶಿವಾಜಿನಗರಕ್ಕೆ ಹೋದೆ.

ಮಾರ್ಕೆಟ್ಟಿನ ಹಿಂದೆ ಕೂಲಿಯವರು ಬಂದು ನಿಲ್ಲುವ ಒಂದು ತಿರುವಿದೆ. ನಾನು ಮುಖ ನೋಡಿ ಆರಿಸುವವಳಲ್ಲ, ಸಾಮಾನು ನೋಡಿ ಆರಿಸುತ್ತೇನೆ. ಅವತ್ತು ಇಬ್ಬರು ಅಣ್ಣತಮ್ಮಂದಿರು ಗೋಡೆಗೆ ಒರಗಿ ನಿಂತಿದ್ದರು. ಅವರ ಬ್ರಷ್‌ಗಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಇದ್ದವು, ಒಂದರ ಕೂದಲೂ ಅಂಟಿಕೊಂಡಿರಲಿಲ್ಲ. ಇಬ್ಬರೂ ಒಂದೇ ಅಚ್ಚು: ಅದೇ ಉದ್ದ ಮುಖ, ಅದೇ ದಟ್ಟ ಹುಬ್ಬು. ದೊಡ್ಡವನು ಸ್ವಲ್ಪ ಬಾಗಿ ನಿಲ್ಲುತ್ತಾನೆ, ಚಿಕ್ಕವನು ನೆಟ್ಟಗೆ, ಅಷ್ಟೇ ವ್ಯತ್ಯಾಸ. ಈ ಬರಹದಲ್ಲಿ ಅವರನ್ನು ದೊಡ್ಡವನು, ಚಿಕ್ಕವನು ಅಂತಲೇ ಕರೆಯುತ್ತೇನೆ.

“ಯಾವೂರಪ್ಪಾ?” ಅಂದೆ ತಮಿಳಿನಲ್ಲಿ.

“ಸೇಲಂ ಕಡೆ, ಅಕ್ಕಾ,” ಅಂದ ದೊಡ್ಡವನು.

ಅವನ ತಮಿಳು ಸೇಲಂನದ್ದಲ್ಲ ಅಂತ ನನ್ನ ಕಿವಿಗೆ ಆಗಲೇ ಗೊತ್ತಾಯಿತು. ನಮ್ಮ ಬೀದಿಯ ಅರ್ಧ ಜನ ತಮಿಳರು, ನಾನು ಅಂಬೆಗಾಲಿಟ್ಟಿದ್ದೇ ಆ ಭಾಷೆಯಲ್ಲಿ. ಆದರೆ ನನಗೆ ಬೇಕಾಗಿದ್ದು ಕೆಲಸ, ಜಾತಕವಲ್ಲ. ಆಟೋ ಹತ್ತಿಸಿಕೊಂಡು ಬಂದೆ.

ಬಂಗಲೆಯ ಗೋಡೆಗಳು ಸುಣ್ಣದ ಗಾರೆಯವು. ಹಿಂದೆ ಯಾವನೋ ಪುಣ್ಯಾತ್ಮ ಅದರ ಮೇಲೆ ಹೊಸ ಕಾಲದ ಪುಟ್ಟಿ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದು ಹೋಗಿದ್ದ. ಹಳೇ ಗೋಡೆಗೆ ಉಸಿರಾಡಲು ಜಾಗ ಬೇಕು. ಒಳಗಿನ ತೇವ ಹೊರಗೆ ಬರಲಾಗದೆ ಎಲ್ಲ ಕಡೆ ಬೊಬ್ಬೆ ಎದ್ದಿತ್ತು, ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಬೊಬ್ಬೆ ಎದ್ದ ಕಡೆ ಮಾತ್ರ ಕೆರೆದು ತೇಪೆ ಹಾಕಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಮುಂಭಾಗದ ಕೋಣೆಯಲ್ಲಿ ಹಾಗೆಯೇ ಮಾಡಿದೆವು. ವಾರ ಕಳೆಯುವುದರೊಳಗೆ ತೇಪೆಯ ಪಕ್ಕದಲ್ಲೇ ಮತ್ತೆ ತೇವದ ಬಿಳಿ ಉಪ್ಪು ಅರಳಿತು. ಯಜಮಾನರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ನಾನು ಎಲ್ಲವನ್ನೂ ಗಾರೆಯವರೆಗೆ ಕೆರೆಸಿದೆ. ಇಡೀ ಬಂಗಲೆ. ದೂಳಿನಲ್ಲಿ ಮೂವರೂ ದೆವ್ವಗಳ ಹಾಗೆ ಕಾಣುತ್ತಿದ್ದೆವು. ಗೋಡೆ ಒಣಗಲು ಕಿಟಕಿ ಬಾಗಿಲು ತೆರೆದಿಟ್ಟು ಕಾಯುವ ಹೊತ್ತಿನಲ್ಲಿ ಹಿತ್ತಲಿನ ಡ್ರಮ್ಮಿನಲ್ಲಿ ಸುಣ್ಣ ಅರಳಿಸಿದೆವು. ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ ಬಳಿಯಬೇಕು. ಮೊದಲ ಕೋಟ್ ಬಳಿದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಮೇಲೆ ಬರುತ್ತದೆ. ಈಗಿನ ಹುಡುಗರಿಗೆ ಇಷ್ಟು ತಾಳ್ಮೆ ಎಲ್ಲಿ? ಈ ಇಬ್ಬರಿಗೆ ಇತ್ತು.

ಆ ಒಣಗುವ ದಿನಗಳಲ್ಲೇ, ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತಾಗ ಕೇಳಿದೆ. “ಇಷ್ಟು ದಿನ ಆಯ್ತು, ಈಗಾದ್ರೂ ನಿಜ ಹೇಳು. ಸೇಲಂನವರು ಹೀಗೆ ಮಾತಾಡಲ್ಲ ಕಣಯ್ಯಾ. ನೀವು ಎಲ್ಲಿಯವ್ರು?”

ಚಿಕ್ಕವನು ಅಣ್ಣನ ಮುಖ ನೋಡಿದ. ದೊಡ್ಡವನು ಕೈ ತೊಳೆದುಕೊಂಡು ಬಂದು ಕೂತ.

“ಮನ್ನಾರ್, ಅಕ್ಕಾ. ಸಿಲೋನು. ಹೇಳಿದ್ರೆ ಯಾರೂ ಕೆಲಸ ಕೊಡಲ್ಲ. ಅಲ್ಲಿ ಬಂದೂಕು ಹಿಡಿದವ್ರ ಹಳೇ ಗಲಾಟೆ ಎಲ್ಲಾ ತಂದು ನಮ್ ತಲೆಗೇ ಕಟ್ತಾರೆ.”

ಅವನು ಅಲ್ಲಿನ ಯುದ್ಧಕ್ಕೆ ಹೆದರಿ ಹೊರಟ ತಾಯಿಯ ತೊಡೆಯ ಮೇಲೆ ಕೂತು ದೋಣಿಯಲ್ಲಿ ಬಂದವನು. ದೋಣಿಯವನು ದಡದವರೆಗೆ ಬರಲಿಲ್ಲವಂತೆ. ಸಮುದ್ರದ ನಡುವಿನ ಮರಳುದಿಬ್ಬದ ಮೇಲೆ ಇಳಿಸಿ, ಅಗೋ ಅದೇ ಇಂಡಿಯಾ ಅಂತ ಕೈ ತೋರಿಸಿ ತಿರುಗಿಹೋದನಂತೆ. ಬೆಳಗಾದ ಮೇಲೆ ರಾಮೇಶ್ವರದ ಕಡೆಯ ಮೀನುಗಾರರು ಬಂದು ಕರೆದುಕೊಂಡು ಹೋದರು. ಅಲ್ಲಿಂದ ಮಂಡಪಂ ಊರಿನ ನಿರಾಶ್ರಿತರ ಕ್ಯಾಂಪು, ಆಮೇಲೆ ಒಳನಾಡಿನ ಇನ್ನೊಂದು ಕ್ಯಾಂಪು. ಚಿಕ್ಕವನು ಹುಟ್ಟಿದ್ದೇ ಆ ಎರಡನೆಯದರಲ್ಲಿ. ಮೀಸೆ ಮೂಡುವ ಹೊತ್ತಿಗೆ ಇಬ್ಬರೂ ಬ್ರಷ್ ಹಿಡಿದರು. ಕ್ಯಾಂಪಿನ ಗಂಡಸರಿಗೆಲ್ಲ ಇದೇ ಕೆಲಸ. ಕೊಯಮತ್ತೂರು, ಕೇರಳ, ಈಗ ಬೆಂಗಳೂರು.

“ಅದಕ್ಕೇನಾ ಹೋದ ತಿಂಗಳು ಇಬ್ರೂ ಹೇಳದೆ ಮಾಯ ಆಗಿದ್ದು?”

“ಚೆಕ್ಕಿಂಗ್ ಅಕ್ಕಾ.”

ಕ್ಯಾಂಪಿನಲ್ಲಿ ತಿಂಗಳಿಗೊಮ್ಮೆ ಅಧಿಕಾರಿ ಬಂದು ಹೆಸರು ಕೂಗುತ್ತಾರೆ. ಕೂಗಿದಾಗ ಎದುರಿಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಸಹಾಯಧನ, ಅಕ್ಕಿ ನಿಲ್ಲುತ್ತದೆ. ಹೆಸರೇ ತೆಗೆದುಹಾಕುವುದೂ ಉಂಟು. ಹೆಸರು ಹೋಯಿತೆಂದರೆ ಆ ಮನುಷ್ಯ ಈ ದೇಶದವನೂ ಅಲ್ಲ, ಆ ದೇಶದವನೂ ಅಲ್ಲ, ಕ್ಯಾಂಪಿನವನೂ ಅಲ್ಲ. ಅವನು ಇದನ್ನೆಲ್ಲ ಬಸ್ಸಿನ ಟೈಮು ಹೇಳುವವನ ಹಾಗೆ ಹೇಳಿದ. ನಾನು ಚಿತ್ರಾನ್ನದ ಡಬ್ಬಿ ಮುಚ್ಚಿಟ್ಟೆ.

ಆಗಲೇ ನನಗೆ ಹೊರಮಾವಿನ ಅಪಾರ್ಟ್‌ಮೆಂಟು ನೆನಪಾದದ್ದು. ಹಿಂದಿನ ವರ್ಷ ನಾನೇ ಅದಕ್ಕೆ ಬಣ್ಣ ಹೊಡೆಸಿದ್ದೆ. ಅದರ ಸೆಕ್ರೆಟರಿ ಹುಬ್ಬಳ್ಳಿ ಕಡೆಯವರು, ಐಟಿ ಕಂಪನಿಯಲ್ಲಿ ಕೆಲಸ. ಅವರು ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು: “ಮೇಡಂ, ಒಬ್ಬ ಛಲೋ ಮನಷ್ಯಾನ್ನ ಕೊಡ್ರಿ. ಇಲ್ಲೇ ಇರಬೇಕು. ಬಣ್ಣ, ನಳ, ಸಣ್ಣಪುಟ್ಟ ರಿಪೇರಿ ಎಲ್ಲಾ ಮಾಡಬೇಕು. ರೂಮ್ ಕೊಡ್ತೀವ್ರಿ, ಪಗಾರ ಕೊಡ್ತೀವ್ರಿ.”

ದೊಡ್ಡವನಿಗೆ ಹೇಳಿದೆ. ಅವನು ತಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ, “ಹೆಂಡ್ತೀನ ಕರ್ಕೊಂಡು ಬರಬಹುದಾ ಅಕ್ಕಾ?” ಅಂದ.

“ಬೇರೆಯವ್ರ ಹೆಂಡ್ತೀನ ಕರ್ಕೊಂಡು ಬರೋಕಾಗುತ್ತೇನೋ, ಪೆದ್ದ!” ಅಂದೆ. ಚಿಕ್ಕವನು ಬಿದ್ದು ಬಿದ್ದು ನಕ್ಕ. ಅಷ್ಟು ದಿನದಲ್ಲಿ ಅವರು ಜೋರಾಗಿ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರೂಮು ನೋಡಲು ಹೆಂಡತಿ ಬಂದಳು. ತೆಳ್ಳಗಿನ ಹೆಂಗಸು, ಗಂಡನಿಗಿಂತ ಚುರುಕು. ಪಂಪ್‌ಹೌಸ್ ಪಕ್ಕದ ಒಂದು ಕೋಣೆ, ಹಿಂದೆ ಸ್ನಾನದ ಮನೆ. ಅವಳು ಬಾಗಿಲ ಚಿಲಕ ಒಳಗಿನಿಂದ ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು. ಸ್ನಾನದ ಮನೆಯ ನಲ್ಲಿ ತಿರುಗಿಸಿ ಕೈ ಒಡ್ಡಿ ನಿಂತುಬಿಟ್ಟಳು. ಕ್ಯಾಂಪಿನಲ್ಲಿ ಒಂದು ಸಾಲಿಗೆ ಒಂದು ನಲ್ಲಿಯಂತೆ, ಸ್ನಾನಕ್ಕೆ ಸೀರೆಯ ಮರೆಯಂತೆ. “ಇದು ನಮಗೊಬ್ರಿಗೇನಾ?” ಅಂತ ನನ್ನನ್ನು ಎರಡು ಸಲ ಕೇಳಿದಳು. ಹೌದು ಕಣಮ್ಮ ಅಂದೆ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಷ್ಟು ಖುಷಿ.

ಒಂದೇ ತೊಡಕು. ಅಪಾರ್ಟ್‌ಮೆಂಟಿನ ಕಮಿಟಿಯವರು ಇವನನ್ನು ನೋಡಿ ಮಾತಾಡಬೇಕಿತ್ತು, ಅವರು ಸೇರುವುದು ಭಾನುವಾರ ಮಾತ್ರ. ಬಂಗಲೆಯಲ್ಲಿ ಸುಣ್ಣದ ಕೆಲಸ ಮುಗಿದು, ಮರದ ಪಟ್ಟಿಯ ಚೂಪು ಮಾಡಿರುವ ಮಂಕಿ ಟಾಪ್ ಕಿಟಕಿಗಳಿಗೆ ಕಡು ಹಸಿರು ಎನಾಮಲ್ ಹೊಡೆಯುತ್ತಿದ್ದೆವು. ಶುಕ್ರವಾರ ಕ್ಯಾಂಪಿನಿಂದ ಫೋನು ಬಂತು: ಈ ತಿಂಗಳ ಚೆಕ್ಕಿಂಗು ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟಿದ್ದಾರೆ, ಇದೇ ಭಾನುವಾರ.

“ಹೋಗು,” ಅಂದೆ. “ನಾನು ಸೆಕ್ರೆಟರಿಗೆ ಹೇಳ್ತೀನಿ. ಮುಂದಿನ ವಾರ ನೋಡ್ಲಿ.”

“ಬೇಡ ಅಕ್ಕಾ. ಕಮಿಟಿಯವ್ರು ಇನ್ನಿಬ್ಬರನ್ನೂ ಕರ್ದಿದ್ದಾರಂತೆ. ನಾನು ಹೋಗ್ದಿದ್ರೆ ಅವ್ರಿಗೆ ಕೊಡ್ತಾರೆ. ಕ್ಯಾಂಪಿಗೆ ತಮ್ಮ ಹೋಗ್ತಾನೆ, ನೋಡ್ಕೋತಾನೆ.”

ಏನು ನೋಡಿಕೊಳ್ಳುತ್ತಾನೆ ಅಂತ ನಾನು ಕೇಳಲಿಲ್ಲ. ಅಣ್ಣನಿಗೆ ಹುಷಾರಿಲ್ಲ ಅಂತಲೋ ಏನೋ ಹೇಳಿ ರಜೆ ಕೇಳುತ್ತಾನೆ ಅಂದುಕೊಂಡೆ. ನಮ್ಮ ಕಡೆ ಹಾಗೆ ತಾನೇ?

ಭಾನುವಾರ ಕಮಿಟಿಯವರಿಗೆ ದೊಡ್ಡವನು ಹಿಡಿಸಿದ. ಸೆಕ್ರೆಟರಿ ಹೊರಗೆ ಬಂದು, “ಭಾಳ ಶಾಂತ ಮನಷ್ಯಾ ಇದ್ದಾನ್ರಿ. ಪೊಲೀಸ್ ವೆರಿಫಿಕೇಶನ್ ಒಂದ್ ಆಗಿಬಿಟ್ರ ಮುಗೀತು. ಮುಂದಿನ ವಾರ ಸೇರ್ಲಿ,” ಅಂದರು. ದೊಡ್ಡವನು ನನ್ನ ಜೊತೆ ರೋಡಿನವರೆಗೂ ಬಂದು, ಬಸ್‌ಸ್ಟಾಪಿನಲ್ಲಿ ನನ್ನ ಕಾಲು ಮುಟ್ಟಲು ಬಗ್ಗಿದ. ಜನ ನೋಡ್ತಾರೆ ಏಳೋ ಅಂತ ಗದರಿದೆ.

ಸೋಮವಾರ ಚಿಕ್ಕವನು ಕೆಲಸಕ್ಕೆ ಬರಲಿಲ್ಲ. ದೊಡ್ಡವನು ಏಣಿಯ ಮೇಲಿದ್ದಾಗ ಫೋನು ಬಂತು. ಕೇಳುತ್ತ ಕೇಳುತ್ತ ಅವನು ಬ್ರಷ್ಷನ್ನು ಡಬ್ಬಕ್ಕೆ ಇಡುವ ಬದಲು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟ, ಹೊಸ ಸುಣ್ಣದ ಗೋಡೆಯ ಮೇಲೆ ಹಸಿರು ಸೋರಿತು. ಅವನು ಯಾವತ್ತೂ ಹಾಗೆ ಮಾಡಿದವನಲ್ಲ.

ನಡೆದದ್ದು ಇಷ್ಟು. ಕ್ಯಾಂಪಿನಲ್ಲಿ ಒಬ್ಬರಿಗೊಬ್ಬರು ನಿಂತುಕೊಡುವುದು ಹಳೇ ರೂಢಿ. ದೂರದ ಊರಲ್ಲಿ ಕೆಲಸ ಸಿಕ್ಕವನ ಬದಲು ಅವನಂತೆ ಕಾಣುವ ಅಣ್ಣನೋ ತಮ್ಮನೋ ಹೋಗಿ ನಿಲ್ಲುತ್ತಾನೆ. ಹಿಂದಿದ್ದ ಅಧಿಕಾರಿ ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಈಗ ಬಂದವರು ಹೊಸಬರು. ಚಿಕ್ಕವನು ತನ್ನ ಹೆಸರಿಗೆ ಒಮ್ಮೆ ನಿಂತು, ಮನೆಗಳ ಹಿಂದೆ ಓಡಿಹೋಗಿ, ಷರ್ಟು ಬದಲಿಸಿ, ತಲೆ ಬೇರೆ ಥರ ಬಾಚಿ, ಅಣ್ಣನ ಹಾಗೆ ಬಾಗಿ ಬಂದು ಅಣ್ಣನ ಹೆಸರಿಗೆ ನಿಂತಿದ್ದಾನೆ. ಎರಡು ಸಲವೂ ಅವನ ಎಡಗಿವಿಯ ಮೇಲೆ ನಮ್ಮ ಬಂಗಲೆಯ ಹಸಿರು ಬಣ್ಣ ಇತ್ತು. ಅಧಿಕಾರಿ ಅದನ್ನೇ ಬೆರಳಿನಿಂದ ತೋರಿಸಿದರಂತೆ. ಇಬ್ಬರ ಹೆಸರನ್ನೂ ತಡೆಹಿಡಿದು, ದೊಡ್ಡವನು ಬಂದು ಹಾಜರಾಗಬೇಕು ಅಂತ ಹೇಳಿ ಹೋಗಿದ್ದರು.

“ಥೂ ನಿಮ್ಮ!” ಅಂತ ಕೂಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಒಂದು ಮಾತು ನನಗೆ ಹೇಳಿದ್ದರೆ ಸೆಕ್ರೆಟರಿಯ ಕಾಲು ಹಿಡಿದಾದರೂ ದಿನ ಬದಲಾಯಿಸುತ್ತಿದ್ದೆ. ಅವನು ಏಣಿಯಿಂದ ಇಳಿದು, ಗೋಡೆಗೆ ಸೋರಿದ ಹಸಿರನ್ನು ಒರೆಸುತ್ತ ನಿಂತ. ಒರೆಸಿದಷ್ಟೂ ಅದು ಹರಡುತ್ತಿತ್ತು.

ಬಂಗಲೆ ಒಪ್ಪಿಸುವ ದಿನ ಹತ್ತಿರ ಇತ್ತು. ಕಿಟಕಿಗಳು ಅರ್ಧ ಆಗಿದ್ದವು, ಯಜಮಾನರಿಗೆ ಬಾಡಿಗೆದಾರರು ಕಾಯುತ್ತಿದ್ದರು. ಈ ಸ್ಥಿತಿಯಲ್ಲಿ ಕಂಟ್ರಾಕ್ಟರು ಸೈಟ್ ಬಿಟ್ಟು ಹೋಗಬಾರದು, ಹೋದರೆ ಹೆಸರು ಕೆಡುತ್ತದೆ. ನಾನು ಯೋಚನೆ ಮಾಡುತ್ತ ಹಿತ್ತಲಲ್ಲಿ ಕೂತೆ. ನಾನು ಜೊತೆಗೆ ಹೋಗಿ, ಇವನಿಗೆ ಪಕ್ಕಾ ಕೆಲಸ ಇದೆ, ಇರಲು ಜಾಗ ಇದೆ ಅಂತ ಹೇಳಿದರೆ ಆ ಅಧಿಕಾರಿ ಕರಗಬಹುದು. ಪೊಲೀಸ್ ವೆರಿಫಿಕೇಶನ್ನಿಗೆ ಕ್ಯಾಂಪಿಗೆ ವಿಚಾರಣೆ ಬರುವ ಮೊದಲೇ ಇದು ಸರಿಹೋಗಬೇಕು. ಇಲ್ಲದಿದ್ದರೆ ಹೊರಮಾವಿನ ಕೆಲಸ ಮುಗಿದ ಹಾಗೇ. ಯಜಮಾನರಿಗೆ ಫೋನ್ ಮಾಡಿ, “ಸಾರ್, ನಾಳೆ ಕೆಲಸ ಇರಲ್ಲ. ಬೈಯೋದಿದ್ರೆ ಈಗ್ಲೇ ಬೈದುಬಿಡಿ,” ಅಂದೆ. ಅವರು ಬೈದರು. ಕೇಳಿಸಿಕೊಂಡೆ.

ಬೆಳಿಗ್ಗೆ ಕೆ.ಆರ್. ಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ದೊಡ್ಡವನು ಕಿಟಕಿಯ ಹೊರಗೆ ನೋಡುತ್ತಿದ್ದ. ರೈಲಿಳಿದು ಬಸ್ಸು, ಬಸ್ಸಿಳಿದು ನಡಿಗೆ. ಮುಳ್ಳುತಂತಿಯ ಕ್ಯಾಂಪನ್ನು ನಾನು ಊಹಿಸಿಕೊಂಡಿದ್ದೆ. ಹಾಗೇನಿರಲಿಲ್ಲ. ಶೀಟಿನ ಸಾಲು ಮನೆಗಳು, ಬಾಗಿಲ ಮುಂದೆ ರಂಗೋಲಿ, ಕಟ್ಟೆಗಳ ಮೇಲೆ ತುಳಸಿ, ಒಂದು ಪುಟ್ಟ ಇಗರ್ಜಿ. ಗೋಡೆಗಳ ಬಣ್ಣ ಮಾತ್ರ ಬಲು ಚೆಂದ. ಪೇಂಟರ್‌ಗಳ ಊರಲ್ಲವೇ.

ಅಧಿಕಾರಿ ನಾನಂದುಕೊಂಡ ಹಾಗೆ ಗಡಸು ಮನುಷ್ಯ ಆಗಿದ್ದರೆ ಜಗಳವಾಡಿಬಿಡುತ್ತಿದ್ದೆ. ಅವರು ನನಗೆ ಕುರ್ಚಿ ಹಾಕಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಚಿಕ್ಕವನು ಮೂಲೆಯಲ್ಲಿ ನಿಂತಿದ್ದ, ಕಿವಿ ಉಜ್ಜಿ ಉಜ್ಜಿ ಕೆಂಪಾಗಿತ್ತು.

“ಇವನು ಕಳ್ಳತನ ಮಾಡಿಲ್ಲ ಸಾರ್,” ಅಂದೆ. “ಕೆಲಸ ಹುಡುಕ್ಕೊಂಡಿದ್ದಾನೆ ಅಷ್ಟೇ.”

“ಗೊತ್ತಮ್ಮಾ. ನಾನೂ ಮಕ್ಕಳೊಂದಿಗ. ಆದ್ರೆ ನಾನು ಮೇಲಿನವರಿಗೆ ಉತ್ತರ ಹೇಳ್ಬೇಕು. ಇಲ್ಲದ ಮನುಷ್ಯ ಇದಾನೆ ಅಂತ ನನ್ನ ಎದುರಿಗೇ ತೋರಿಸಿದ್ದಾರೆ.” ಆಮೇಲೆ ದೊಡ್ಡವನ ಕಡೆ ತಿರುಗಿದರು. “ನಿನಗೆ ಹೊರಗೆ ಹೋಗೋ ಆಸೆ ಇದ್ರೆ ಹೋಗು. ಕ್ಯಾಂಪಿನಿಂದ ನಿನ್ನ ಹೆಸರು ತೆಗೆಸ್ಕೋ, ಬೆಂಗಳೂರಲ್ಲಿ ಪೊಲೀಸ್ ಸ್ಟೇಷನ್ನಿನಲ್ಲಿ ಕ್ಯಾಂಪಿನ ಹೊರಗಿರೋ ನಿರಾಶ್ರಿತ ಅಂತ ಬರೆಸ್ಕೋ. ಅವ್ರು ಒಪ್ಪಿದ್ರೆ ಸರಿ, ಒಪ್ಪದಿದ್ರೆ ಮತ್ತೆ ಇಲ್ಲಿಗೆ ಬರೋಕಾಗಲ್ಲ. ಆದ್ರೆ ಒಂದು ಮಾತು. ನೀನು ಹೊರಟುಹೋದ್ರೆ ನಿಂತು ಮೋಸ ಮಾಡಿದವನು ನಿನ್ನ ತಮ್ಮ ಒಬ್ಬನೇ ಉಳೀತಾನೆ. ಅವನ ಮೇಲೆ ನಾನು ಬರೀಲೇಬೇಕು. ಅವನ ಹೆಸರು ಉಳಿಯುತ್ತೆ ಅಂತ ನಾನು ಹೇಳಲಾರೆ.”

“ನಾನು ಉಳಿದ್ರೆ ಅಯ್ಯಾ?”

“ಉಳಿದ್ರೆ ಇಬ್ಬರೂ ತಪ್ಪಾಯ್ತು ಅಂತ ಬರ್ಕೊಡಿ. ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ಆದ್ರೆ ನಾನು ಹೇಳೋವರೆಗೂ ಇಬ್ಬರೂ ಈ ಜಿಲ್ಲೆ ದಾಟಬಾರದು.”

ಚಿಕ್ಕವನು ಆಗ ಬಾಯಿ ಬಿಟ್ಟ. “ಅಣ್ಣಾ, ನೀನು ಹೋಗು. ನಂದು ಏನಾದ್ರೂ ಆಗ್ಲಿ.”

ಚಿಕ್ಕವನಿಗೆ ಎರಡು ಪುಟ್ಟ ಮಕ್ಕಳು. ಅಪ್ಪನ ಹೆಸರು ಹೋದರೆ ನಾಳೆ ಆ ಮಕ್ಕಳ ಹೆಸರಿಗೂ ಪ್ರಶ್ನೆ ಬರುತ್ತದೆ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದೊಡ್ಡವನು ಯೋಚನೆ ಮಾಡಲು ಸ್ವಲ್ಪ ಸಮಯ ಕೊಡಿ ಅಂತ ಕೇಳಿದ. ಅಧಿಕಾರಿ, ಊಟ ಮಾಡಿ ಬಾ ಅಂದರು.

ಮನೆಯಲ್ಲಿ ಅವನ ಹೆಂಡತಿ ಆಗಲೇ ಗಂಟು ಕಟ್ಟಿ ಇಟ್ಟಿದ್ದಳು. ಎರಡು ಚೀಲ, ಒಂದು ಬಕೆಟ್ಟಿನೊಳಗೆ ಪಾತ್ರೆಗಳು. ವಿಷಯ ಕೇಳಿದ್ದೇ ಅವಳು ಬಕೆಟ್ಟನ್ನು ಕಾಲಿನಿಂದ ತಳ್ಳಿದಳು.

“ಹುಟ್ಟಿದಾಗಿಂದ ಸಾಲಲ್ಲೇ ನಿಂತಿದ್ದೀನಿ. ನೀರಿಗೆ ಸಾಲು, ಅಕ್ಕಿಗೆ ಸಾಲು, ಹೆಸರಿಗೆ ಸಾಲು. ನಿಮಗೆ ನಿಮ್ಮಮ್ಮ, ನಿಮ್ಮ ತಮ್ಮ, ಅವನ ಮಕ್ಕಳು. ನಾನು ಯಾವ ಲೆಕ್ಕಕ್ಕೆ, ಹೇಳಿ? ನಾನು ಯಾವ ಲೆಕ್ಕಕ್ಕೆ?”

ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ದೊಡ್ಡವನು ಬಗ್ಗಿ, ಚೆಲ್ಲಿದ ಪಾತ್ರೆಗಳನ್ನು ಬಕೆಟ್ಟಿಗೆ ತುಂಬತೊಡಗಿದ. ಅವನ ಮುದಿ ತಾಯಿ ಒಳಗಿನಿಂದ, ಕಣ್ಣು ಕಾಣದವರ ಹಾಗೆ ಗೋಡೆ ತಡವುತ್ತ ಬಂದು, “ಹೋಗ್ಲಿ ಬಿಡು ಮಗಾ, ಕರ್ಕೊಂಡು ಹೋಗು ಅವಳನ್ನ,” ಅಂದರು. ಅವನು ಇನ್ನಷ್ಟು ಬಾಗಿದ. ನಾನು ಹೊರಗೆ ಬಂದು ನಿಂತೆ. ಯಾರ ಪರ ಮಾತಾಡಲಿ? ಹೆಂಡತಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಆಮೇಲೆ ಅವನು ಹೊರಗೆ ಬಂದು, ನನ್ನ ಮುಖ ನೋಡದೆ ಆಫೀಸಿನ ಕಡೆ ನಡೆದ. ನಾನು ಹಿಂದೆ ಹೋದೆ. ತಪ್ಪಾಯಿತು ಅಂತ ಬರೆದ ಹಾಳೆಯ ಮೇಲೆ ಅವನು ಸಹಿ ಹಾಕುವಾಗ ಕೊನೆಯ ಸಲ ಹೇಳಿದೆ.

“ಇನ್ನೊಂದ್ಸಲ ಯೋಚನೆ ಮಾಡು ಕಣಯ್ಯಾ. ಇಂಥ ಕೆಲಸ ಮತ್ತೆ ಸಿಗಲ್ಲ.”

“ಗೊತ್ತು ಅಕ್ಕಾ. ಅವನು ನನಗೋಸ್ಕರ ನಿಂತ. ಈಗ ನಾನು ಹೇಗೆ ಹೋಗ್ಲಿ?”

ಸಹಿ ಹಾಕಿದ. ಚಿಕ್ಕವನು ಪಕ್ಕದಲ್ಲಿ ನಿಂತು ಸಣ್ಣ ಮಗುವಿನ ಹಾಗೆ ಅತ್ತ. ಅಧಿಕಾರಿ ಎದ್ದು ಹೊರಗೆ ಹೋದರು, ಅವರಿಗೂ ನೋಡಲಾಗಲಿಲ್ಲ ಅನ್ನಿಸುತ್ತದೆ. ನಾನು ಹೊರಡುವಾಗ ದೊಡ್ಡವನು ಬಸ್ಸಿನವರೆಗೂ ಬಂದ. ಮಿಕ್ಕ ಕಿಟಕಿಗಳಿಗೆ ಎನಾಮಲ್ ಹೊಡೆಯುವ ಮೊದಲು ಮರವನ್ನು ಚೆನ್ನಾಗಿ ಉಜ್ಜಿಸಿ ಅಕ್ಕಾ, ಕೆಳಗಿನ ಪಟ್ಟಿಯಲ್ಲಿ ತೇವ ಇದೆ, ಅಂದ. ಅವನಿಗೆ ಆಗಲೂ ಕೆಲಸದ್ದೇ ಯೋಚನೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

ಸಾಯಂಕಾಲ ಕೆ.ಆರ್. ಪುರಂನಲ್ಲಿ ಇಳಿದು ಪ್ಲಾಟ್‌ಫಾರಂ ದಾಟುತ್ತಿದ್ದಾಗ ಸೆಕ್ರೆಟರಿಯ ಫೋನು.

“ಏನ್ರಿ ಮೇಡಂ, ನಿಮ್ಮ ಮನಷ್ಯಾ ಯಾವಾಗ ಬರ್ತಾನ್ರಿ? ರೂಮ್ ಸ್ವಚ್ಛ ಮಾಡಿಸಿ ಇಟ್ಟೀವಿ.”

“ಬರಲ್ಲ ಸಾರ್. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

“ಯಾಕ್ರಿ? ಪಗಾರ ಕಡಿಮಿ ಆತೇನು? ಮಾತಾಡೋಣ್ರಿ, ಅದೇನ್ ದೊಡ್ಡ ಮಾತಲ್ಲ.”

“ಅಲ್ಲ ಸಾರ್.”

“ಮತ್ತ? ಊರಿಗೆ ಹ್ವಾದ್ನೇನು?”

ಸುತ್ತ ಜನ ಚೀಲ, ಸೂಟ್‌ಕೇಸು ಎಳೆದುಕೊಂಡು ಓಡುತ್ತಿದ್ದರು. ಏನು ಹೇಳಲಿ? ಹೂಂ ಸಾರ್ ಅಂದೆ, ಊರಿಗೆ ಹೋದ.

“ಅಷ್ಟೇನಾ? ಹಂಗಾರ ಚಿಂತಿ ಬಿಡ್ರಿ,” ಅಂದರು ಅವರು ನಗುತ್ತ. “ಊರಿಗೆ ಹೋದಾವ ಒಂದ್ ನಾಕ್ ದಿನ ಇದ್ದು ಬಂದೇ ಬರ್ತಾನ. ನಾವೂ ಹೋಗ್ತೀವಿ, ನಾವೂ ಬರ್ತೀವಿ. ರೂಮ್ ಹಂಗೇ ಇಟ್ಟಿರ್ತೀವಿ, ಹೇಳ್ರಿ ಅವಂಗ.”

ನಾನು ಹೂಂ ಅಂದು ಫೋನ್ ಇಟ್ಟೆ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ಯಾರು ನೋಡಿದರೂ ನೋಡಲಿ ಅಂತ ಅತ್ತುಬಿಟ್ಟೆ.